ಶೀನಣ್ಣನವರ ತಾರಸಿಯ ಕೆರೆ

ಶಂಕರಪುರಂ ಬಡಾವಣೆಯಲ್ಲಿ ಒಂದು ಕೆರೆ ಇದೆ. ಇಪ್ಪತ್ತು ಅಡಿ ಉದ್ದ, ಹದಿನೈದು ಅಡಿ ಅಗಲ. ನಡುವೆ ಒಂದು ದ್ವೀಪ. ನಾನೂರ ಹನ್ನೆರಡು ಬೆಳ್ಳಕ್ಕಿಗಳಿಗೆ ಅದು ಆಶ್ರಯ ಕೊಟ್ಟಿದೆ. ಶೀನಣ್ಣನವರ ಅಡುಗೆಮನೆಯ ನೆಲದಿಂದ ಅದು ಹನ್ನೆರಡು ಅಡಿ ಎತ್ತರದಲ್ಲಿದೆ. ಈ ವಿವರಗಳೆಲ್ಲ ನಗರ ಜಲಕಾಯ ಗಣತಿ ಕೋಶದ ದಾಖಲೆಯಲ್ಲಿ ‘ಜಲಕಾಯ ಸಂಖ್ಯೆ ಇನ್ನೂರ ಹನ್ನೊಂದು’ ಎಂಬ ತಲೆಬರಹದಡಿ ನಮೂದಾಗಿವೆ. ಅನುಮಾನವಿದ್ದವರು ಕಚೇರಿ ವೇಳೆಯಲ್ಲಿ ಹೋಗಿ ದಾಖಲೆಯನ್ನು ನೋಡಬಹುದು. ಕೆರೆಯನ್ನು ನೋಡಲು ಬೇರೆ ಅರ್ಜಿ ಹಾಕಬೇಕು.

ಶೀನಣ್ಣನವರು ಬಸವನಗುಡಿಯ ಒಂದು ಅನುದಾನಿತ ಕಾಲೇಜಿನ ಕಚೇರಿಯಲ್ಲಿ ಅಧೀಕ್ಷಕರು. ಮೂವತ್ತು ವರ್ಷ ಕಡತಗಳ ನಡುವೆಯೇ ಬಾಳಿದವರಾದ್ದರಿಂದ ಎರಡು ವಿಷಯಗಳಲ್ಲಿ ಅವರ ನಂಬಿಕೆ ಅಲುಗಾಡುವುದಿಲ್ಲ. ಯಾವ ನಮೂನೆಯಲ್ಲೂ ಯಾವ ಕಾಲಮ್ಮೂ ಖಾಲಿ ಇರಕೂಡದು. ಅನುಮತಿ ಬೇಕಿಲ್ಲದ ಕೆಲಸಕ್ಕೂ ಒಂದು ಅರ್ಜಿ ಹಾಕಿಟ್ಟರೆ ಮನಸ್ಸಿಗೆ ನೆಮ್ಮದಿ. ಈ ಎರಡನೆಯ ನಂಬಿಕೆ ಅವರಿಗೆ ಇಲ್ಲದೇ ಹೋಗಿದ್ದರೆ ಶಂಕರಪುರಂ ಇವತ್ತಿಗೂ ಕೆರೆಯಿಲ್ಲದ ಬಡಾವಣೆಯಾಗಿಯೇ ಉಳಿದಿರುತ್ತಿತ್ತು.

ಅವರ ಮನೆ ತಾತನ ಕಾಲದ್ದು. ಮೇಲೆ ಮದ್ರಾಸ್ ತಾರಸಿ, ಅಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆ, ಇಟ್ಟಿಗೆಯ ಮೇಲೆ ಗಾರೆ. ಅಡುಗೆಮನೆಯ ಮೇಲೆ ಅದು ಬಿರುಕು ಬಿಟ್ಟಿತ್ತು. ಹೋದ ಮಳೆಗಾಲದಲ್ಲಿ ಅವರ ಹೆಂಡತಿ ಚೂಡಾಮಣಿ ಸಾರಿನ ಪಾತ್ರೆಯ ಪಕ್ಕದಲ್ಲಿ ಬಕೆಟ್ ಇಟ್ಟುಕೊಂಡೇ ಅಡುಗೆ ಮಾಡಿದ್ದರು. ಮಾರ್ಚ್ ತಿಂಗಳಲ್ಲಿ ಗಾರೆ ಮೇಸ್ತ್ರಿ ಆಂಜಿನಯ್ಯ ಏಣಿ ಹತ್ತಿ, ತೊಲೆಗೆ ಹೆಬ್ಬೆರಳಿನ ಉಗುರು ಒತ್ತಿ ನೋಡಿದ. ಉಗುರು ಸಲೀಸಾಗಿ ಒಳಗೆ ಹೋಯಿತು.

"ಮಳೆ ಹಿಡಿಯೋದ್ರೊಳಗೆ ಮಾಡಿಸ್ಬಿಡಿ ಸಾಮಿ," ಎಂದ. "ಇಲ್ಲಾಂದ್ರೆ ಸೀದಾ ಅಮ್ಮೋರ ತಲೆ ಮೇಲೇ ಬರ್ತದೆ."

ದಿನದ ಅರ್ಧ ಹೊತ್ತು ಚೂಡಾಮಣಿ ನಿಲ್ಲುವುದು ಅದೇ ತೊಲೆಯ ಕೆಳಗೆ. ಜೂನ್ ಒಳಗೆ ದುರಸ್ತಿ ಆಗಲೇಬೇಕೆಂದು ಶೀನಣ್ಣನವರು ನಿಶ್ಚಯಿಸಿದರು. "ನಾಳೇನೇ ಸುಣ್ಣ ತಂದ್ಬಿಡ್ತೀನಿ ಸಾಮಿ, ಇದಕ್ಕೆಲ್ಲ ಪರ್ಮಿಸನ್ ಯಾಕೆ?" ಎಂದು ಆಂಜಿನಯ್ಯ ಅಂದದ್ದನ್ನು ಕಿವಿಗೆ ಹಾಕಿಕೊಳ್ಳದೆ, ಸಂಬಂಧಪಟ್ಟ ಕಚೇರಿಗೆ ಮೂರು ಪ್ರತಿಗಳಲ್ಲಿ ಅರ್ಜಿ ಬರೆದರು.

ಮರುತಿಂಗಳು, ಏಪ್ರಿಲ್‌ನಲ್ಲಿ ಗಣತಿ ಕೋಶದವರ ಪ್ರಕಟಣೆ ಹೊರಬಿತ್ತು:

"ಮಕ್ಕಳಲ್ಲಿ ದೂರಸಂವೇದಿ ತಂತ್ರಜ್ಞಾನದ ಅರಿವು ಮೂಡಿಸುವ ಸಲುವಾಗಿ ‘ಬಾನಿನಿಂದ ನೆಲ ನೋಡು’ ಬೇಸಿಗೆ ಶಿಬಿರವನ್ನು ಹಮ್ಮಿಕೊಳ್ಳಲಾಗಿದೆ. ಡ್ರೋನ್ ಚಿತ್ರಗಳಲ್ಲಿ ಮಕ್ಕಳು ಗುರುತಿಸಿದ ಜಲಕಾಯಗಳನ್ನು ನಗರದ ಅಧಿಕೃತ ಗಣತಿಗೆ ಪರಿಗಣಿಸಲಾಗುವುದು. ಶಿಬಿರಾರ್ಥಿಗಳು ಟೋಪಿ, ನೀರಿನ ಬಾಟಲಿ ಹಾಗೂ ನೀಲಿ ಬಣ್ಣದ ಕ್ರೇಯಾನ್ ತಪ್ಪದೆ ತರತಕ್ಕದ್ದು."

ಗಣತಿಗೆಂದೇ ಮಂಜೂರಾಗಿದ್ದ ಹುದ್ದೆಗಳು ಮೂರು ವರ್ಷದಿಂದ ಖಾಲಿ ಇದ್ದವು. ಮಕ್ಕಳು ಹುದ್ದೆಯನ್ನೂ ಕೇಳುವುದಿಲ್ಲ, ಬಡ್ತಿಯನ್ನೂ ಕೇಳುವುದಿಲ್ಲ. ಹಾಗಾಗಿ ವಿಜ್ಞಾನದ ಪ್ರಸಾರಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ.

ಶೀನಣ್ಣನವರ ಮಗಳು ಆರಾಧನಾ, ಒಂಬತ್ತನೇ ತರಗತಿಗೆ ಹೋಗುವವಳು, ಶಿಬಿರಕ್ಕೆ ಸೇರಿದಳು. ಶಿಬಿರದ ಸಂಪನ್ಮೂಲ ವ್ಯಕ್ತಿ ಶೈಲಜಮ್ಮನವರು. ಅವರು ಮೂಲತಃ ಹೊಲಿಗೆ ಟೀಚರು. ದೂರಸಂವೇದಿಯಲ್ಲಿ ಅವರಿಗೆ ಎರಡು ದಿನದ ತರಬೇತಿಯಾಗಿತ್ತು. ಮೊದಲನೆಯ ದಿನ ಉದ್ಘಾಟನೆ, ಎರಡನೆಯ ದಿನ ಸಮಾರೋಪ. ಆದರೂ ಅವರ ಪಾಠದಲ್ಲಿ ಗೊಂದಲವೆಂಬುದು ಇರಲಿಲ್ಲ. ಭೂಮಿಯ ಮೇಲೆ ಇರುವುದು ನಾಲ್ಕೇ ಬಣ್ಣ ಎಂದು ಬೋರ್ಡಿನ ಮೇಲೆ ಬರೆದರು. ನೀಲಿ ಕಂಡರೆ ನೀರು, ಹಸಿರು ಕಂಡರೆ ಗಿಡಮರ, ಕಂದು ಕಂಡರೆ ಬಯಲು, ಬೂದು ಕಂಡರೆ ಕಟ್ಟಡ.

ಡ್ರೋನ್ ಶಂಕರಪುರಂ ಮೇಲೆ ಹಾರಿದ ದಿನ ಬೆಳಗ್ಗೆ ಚೂಡಾಮಣಿ ತಾರಸಿಯ ಮೇಲೆ ಹೊಸ ನೀಲಿ ಟಾರ್ಪಾಲು ಹಾಸಿ ಅರಳು ಸಂಡಿಗೆ ಇಟ್ಟಿದ್ದರು. ಕಾಗೆ ಬರದಿರಲೆಂದು ನಡುವೆ ಒಂದು ಕರೀ ಕೊಡೆ ಬಿಚ್ಚಿಟ್ಟಿದ್ದರು. ಮಾರನೆಯ ದಿನ ಶಿಬಿರದ ಕಂಪ್ಯೂಟರಿನಲ್ಲಿ ಆ ಚಿತ್ರ ಬಂದಾಗ ಆರಾಧನಾ ಎದ್ದು ನಿಂತಳು.

"ಮಿಸ್, ಇದು ನಮ್ಮನೆ ತಾರಸಿ! ಅಮ್ಮ ಸಂಡಿಗೆ ಒಣಗಾಕಿದಾರೆ."

"ಯಾವ ಬಣ್ಣ ಕಾಣ್ತಿದೆ ಆರಾಧನಾ?" ಎಂದರು ಶೈಲಜಮ್ಮ.

"ನೀಲಿ ಮಿಸ್. ಆದ್ರೆ..."

"ಬೋರ್ಡ್ ನೋಡು. ನೀಲಿ ಅಂದ್ರೆ?"

"ನೀರು ಮಿಸ್."

"ಮನೆ ವಿಷ್ಯ ಮನೇಲಿ. ಇಲ್ಲಿ ವಿಜ್ಞಾನ. ಮೇಲಿರೋ ಬಿಳೀ ಚುಕ್ಕೆಗಳನ್ನ ಎಣಿಸಿ, ನೀರಿನ ಮೇಲೆ ಬೆಳ್ಳಗೆ ಇರೋದು ಏನು ಅಂತ ಯೋಚ್ನೆ ಮಾಡಿ ಬರಿ."

ಆರಾಧನಾ ಎಣಿಸಿದಳು. ನಾನೂರ ಹನ್ನೆರಡು ಬಂತು. ಪಕ್ಕದ ಹುಡುಗಿ ಬೆಳ್ಳಕ್ಕಿ ಎಂದು ಪಿಸುಗುಟ್ಟಿದಳು. ಕೊಡೆ ನಾಲ್ಕು ಬಣ್ಣಗಳಲ್ಲಿ ಯಾವುದಕ್ಕೂ ಸೇರದ ಕಾರಣ, ನೀರಿನ ನಡುವೆ ಇದ್ದು ನೀರಲ್ಲದ್ದು ದ್ವೀಪ ಎಂದು ಶೈಲಜಮ್ಮನವರೇ ತೀರ್ಮಾನ ಕೊಟ್ಟರು.

ಆಮೇಲೆ ‘ನೆಲಮಟ್ಟದ ಪರಿಶೀಲನೆ’. ಚಿತ್ರದಲ್ಲಿ ಕಂಡದ್ದು ನೆಲದ ಮೇಲೂ ಇದೆಯೇ ಎಂದು ಮಕ್ಕಳು ಹೋಗಿ ನೋಡಿ, ನಮೂನೆ ತುಂಬಿ, ಸ್ಥಳೀಯ ಹಿರಿಯರೊಬ್ಬರ ರುಜು ತರಬೇಕಿತ್ತು. ಆರಾಧನಾ ತಾರಸಿ ಹತ್ತಿದಾಗ ಚೂಡಾಮಣಿ ಟಾರ್ಪಾಲು ತೊಳೆದು ಬಿಟ್ಟಿದ್ದರು. ಮಡಿಕೆಗಳಲ್ಲಿ ನೀರು ನಿಂತಿತ್ತು. ‘ನೀರು ಇದೆಯೇ?’ ಎಂಬ ಪ್ರಶ್ನೆಗೆ ಇದೆ, ಇಲ್ಲ ಎಂಬ ಎರಡೇ ಚೌಕಗಳಿದ್ದವು. ಟಾರ್ಪಾಲು ಎಂಬ ಚೌಕ ಇರಲಿಲ್ಲ. ‘ಪಕ್ಷಿಗಳಿವೆಯೇ?’ ಕಟ್ಟೆಯ ಮೇಲೆ ಕಾಗೆ ಕೂತಿತ್ತು. ಹುಡುಗಿ ಪ್ರಾಮಾಣಿಕಳು, ಎರಡಕ್ಕೂ ‘ಇದೆ’ ಎಂದು ಗುರುತು ಹಾಕಿದಳು. ಶೀನಣ್ಣನವರು ನಮೂನೆಯನ್ನು ಮೇಲಿಂದ ಕೆಳಗೆ ನೋಡಿದರು. ಯಾವ ಕಾಲಮ್ಮೂ ಖಾಲಿ ಇರಲಿಲ್ಲ. ಮಗಳ ಬಗ್ಗೆ ಹೆಮ್ಮೆಯಿಂದ ರುಜು ಹಾಕಿದರು.

ಮೇ ಕೊನೆಯಲ್ಲಿ ಅವರ ಅರ್ಜಿಗೆ ಉತ್ತರ ಬಂತು: "ತಾವು ಸಲ್ಲಿಸಿದ ಅರ್ಜಿಯನ್ನು ಪರಿಶೀಲಿಸಲಾಗಿ, ಸದರಿ ಸ್ಥಳವು ಜಲಕಾಯ ಸಂಖ್ಯೆ ಇನ್ನೂರ ಹನ್ನೊಂದು ಆಗಿರುವುದು ಕಂಡುಬಂದಿದೆ. ಕೆರೆಯ ತಳಕ್ಕೆ ಗಾರೆ ಹಾಕುವುದು ದಂಡನೀಯ ಅಪರಾಧವಾಗಿರುತ್ತದೆ. ಅರ್ಜಿಯನ್ನು ತಿರಸ್ಕರಿಸಲಾಗಿದೆ. ಒಬ್ಬ ವಿದ್ಯಾವಂತರಾಗಿ ತಾವು ಇಂಥ ಅರ್ಜಿ ಹಾಕಿದ್ದಕ್ಕೆ ಈ ಕಚೇರಿ ವಿಷಾದ ವ್ಯಕ್ತಪಡಿಸುತ್ತದೆ."

ಶೀನಣ್ಣನವರು ಮೊದಲು ಕಾಗದದ ಒಕ್ಕಣೆಯನ್ನು ಮೆಚ್ಚಿಕೊಂಡರು. ಅದು ತಮ್ಮ ತಾರಸಿಯ ಮಾತು ಎಂದು ಹೊಳೆದದ್ದು ಎರಡನೇ ಸಲ ಓದಿದಾಗ. ಮಾರನೆಯ ದಿನ ರಜೆ ಹಾಕಿ ಚಾಮರಾಜಪೇಟೆಯಲ್ಲಿದ್ದ ಗಣತಿ ಕೋಶಕ್ಕೆ ಹೋದರು. ಸಹಾಯಕ ನಿರ್ದೇಶಕ ದೊಡ್ಡಬೈರಪ್ಪನವರು ಸಮಾಧಾನದ ಮನುಷ್ಯ, ಕೂರಿಸಿ ಕಾಫಿ ತರಿಸಿದರು. ಪಕ್ಕದ ಕುರ್ಚಿಯಲ್ಲಿ ಇಸ್ತ್ರಿ ಅಂಗಿಯ ಒಬ್ಬರು ಫೋನು ನೋಡುತ್ತ ಕೂತಿದ್ದರು.

"ಸರ್, ಅದು ಕೆರೆ ಅಲ್ಲ. ನಮ್ಮನೆ ತಾರಸಿ. ನೀಲಿ ಕಾಣೋದು ಟಾರ್ಪಾಲು, ಮೇಲಿರೋದು ಸಂಡಿಗೆ."

"ಯಾವ ಸಂಡಿಗೆ?"

"ಅರಳು ಸಂಡಿಗೆ ಸರ್."

ದೊಡ್ಡಬೈರಪ್ಪ ಪರದೆಯ ಮೇಲೆ ಚಿತ್ರವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು. "ಚೆನ್ನಾಗಿ ಬಂದಿದೆ. ಆದ್ರೆ ಬೆಳ್ಳಕ್ಕಿ ಅಂತ ಬರ್ದಿದಾರಲ್ಲ. ಮಕ್ಕಳು ಸುಳ್ಳು ಹೇಳ್ತವಾ ಶೀನಣ್ಣೋರೆ? ಕೆಳಗೆ ಪರಿಶೀಲನೆ ಆಗಿದೆ. ನೀರು ಇದೆ, ಪಕ್ಷಿ ಇದೆ, ಹಿರಿಯರ ರುಜು ಇದೆ. ಯಾರ್ದು ಈ ರುಜು?"

"ನಂದೇ ಸರ್."

"ಒಳ್ಳೇ ರುಜು."

"ಸರ್, ದಯವಿಟ್ಟು ನೀವೇ ಒಂದ್ಸಲ ಬಂದು ಕಣ್ಣಾರೆ ನೋಡಿ."

"ಬರ್ತೀನಿ, ಅದಕ್ಕೇನಂತೆ. ಆದ್ರೆ ನಾನು ನೋಡಿ ಏನು ಪ್ರಯೋಜ್ನ ಹೇಳಿ. ಡ್ರೋನು ಸರ್ಕಾರದ್ದು. ಕಣ್ಣು ನಂದು. ಸ್ವಂತ ಸಾಮಾನು ಆಫೀಸ್ ಕೆಲಸಕ್ಕೆ ಬಳಸೋ ಹಾಗಿಲ್ಲ. ನಿಯಮ ಏನು ಹೇಳುತ್ತೆ? ಚಿತ್ರಕ್ಕೂ ನೆಲಕ್ಕೂ ವ್ಯತ್ಯಾಸ ಕಂಡುಬಂದಲ್ಲಿ ನೆಲವನ್ನು ಸರಿಪಡಿಸತಕ್ಕದ್ದು."

ಮೂವತ್ತು ವರ್ಷದ ಅನುಭವದಿಂದ ಶೀನಣ್ಣನವರು ಆ ವಾಕ್ಯವನ್ನು ತಿರುಗಿಸಿ ಮುರುಗಿಸಿ ನೋಡಿದರು. ಎಲ್ಲೂ ಸಂದು ಸಿಗಲಿಲ್ಲ.

"ಇನ್ನೊಂದು ವಿಷ್ಯ," ಎಂದರು ದೊಡ್ಡಬೈರಪ್ಪ. "ನಗರದ ಕೆರೆಗಳ ಸಂಖ್ಯೆ ಕಮ್ಮಿ ಆಗಬಾರ್ದು ಅಂತ ಮೇಲಿನ ಆದೇಶ ಇದೆ. ಸಂಖ್ಯೆ ಅಂತ ಇದೆ, ಅಳತೆ ಅಂತ ಇಲ್ಲ. ಊರಾಚೆ ಹದಿನಾಲ್ಕು ಎಕರೆ ಕೆರೆ ಒಂದಿತ್ತು. ಕಳೆ ಬೆಳೆದು ಚಿತ್ರದಲ್ಲಿ ಪೂರ್ತಿ ಹಸಿರು ಕಾಣ್ತು. ಮಕ್ಕಳು ಗಿಡಮರ ಅಂತ ಬರ್ದ್ರು. ಒಂದು ಕೆರೆ ಕಮ್ಮಿ ಆಯ್ತಲ್ಲಪ್ಪಾ ಅಂತ ನಾವು ತಲೆ ಮೇಲೆ ಕೈ ಹೊತ್ತು ಕೂತಿದ್ವಿ. ಅಷ್ಟರಲ್ಲಿ ದೇವರ ಹಾಗೆ ನಿಮ್ಮದು ಬಂತು. ಲೆಕ್ಕ ಸರಿಹೋಯ್ತು. ಆ ಹಸಿರು ಜಾಗದಲ್ಲಿ ಇವರು ಲೇಔಟ್ ಮಾಡ್ತಿದಾರೆ, ಅನಿಲ್ ಕುಮಾರ್ ಅಂತ."

ಇಸ್ತ್ರಿ ಅಂಗಿಯವರು ಫೋನು ಜೇಬಿಗಿಟ್ಟು ಎರಡೂ ಕೈ ಮುಗಿದರು. "ಸಾರ್, ನಿಮ್ಮ ಕೆರೆ ನಂಬ್ಕೊಂಡು ನೂರೆಂಬತ್ತು ಫ್ಯಾಮಿಲಿ ಸೈಟ್ ತಗೊಂಡಿದಾರೆ. ಅದಕ್ಕೆ ಏನೂ ಆಗದಂಗೆ ನೋಡ್ಕೊಳಿ. ಬೇಲಿ ಬೇಕಾ? ನಾನೇ ಹಾಕಿಸ್ಕೊಡ್ತೀನಿ."

ವಾರದೊಳಗೆ ಬೇಲಿ ಬಂತು. ಮೆಟ್ಟಿಲ ಬಾಗಿಲಿಗೆ ಬೋರ್ಡೂ ಬಂತು: ಈಜುವುದು, ಮೀನು ಹಿಡಿಯುವುದು, ದನ ತೊಳೆಯುವುದನ್ನು ನಿಷೇಧಿಸಲಾಗಿದೆ. ಟಾರ್ಪಾಲು ಸುತ್ತಿಡಲು ಹೋದ ಚೂಡಾಮಣಿಯನ್ನು ಬೋರ್ಡು ಹೊಡೆಯುತ್ತಿದ್ದವನು ತಡೆದು, ತೆಗೆದಿಟ್ಟಿದ್ದ ಸಂಡಿಗೆಯನ್ನೂ ಎಣಿಸಿ ಮತ್ತೆ ಹರಡಿಸಿದ. ಕೊಡೆ ಮುಟ್ಟಿದಾಗಂತೂ ಗಾಬರಿಯಿಂದ, "ದ್ವೀಪ ಮಡಚಂಗಿಲ್ಲ ಕಣಮ್ಮ!" ಎಂದು ಕೂಗಿಕೊಂಡ. ಒಂದು ಭಾನುವಾರ ಹುಳಿಯ ಜೊತೆಗೆ ಹನ್ನೆರಡು ಸಂಡಿಗೆ ಕರಿದಿದ್ದಕ್ಕೆ, ನಾನೂರ ಹನ್ನೆರಡು ಇದ್ದ ಬೆಳ್ಳಕ್ಕಿ ನಾನೂರಕ್ಕೆ ಇಳಿದದ್ದು ಹೇಗೆಂದು ಡ್ರೋನ್ ಚಿತ್ರ ನೋಡಿದ ಕೋಶದವರು ವಿವರಣೆ ಕೇಳಿದರು. ವಲಸೆ ಹೋಗಿವೆ ಎಂದು ಶೀನಣ್ಣನವರು ಬರೆದುಕೊಟ್ಟರು. ಬರೆಯುವಾಗ ನಾಚಿಕೆಯಾಯಿತು, ಬರೆದ ಮೇಲೆ ಹಗುರವಾಯಿತು.

ಎದುರುಮನೆಯ ಶಕುಂತಲಮ್ಮ ಮೊದಮೊದಲು, "ಇದೇನ್ರೀ ಅನ್ಯಾಯ, ಕೋರ್ಟಿಗೆ ಹೋಗಿ," ಎಂದು ಹಾರಾಡಿದ್ದರು. ಆಮೇಲೆ ಅವರ ಮಹಡಿಮನೆ ಖಾಲಿಯಾಯಿತು. ಗೇಟಿಗೆ ‘ಮನೆ ಬಾಡಿಗೆಗೆ ಇದೆ, ಲೇಕ್ ವ್ಯೂ’ ಎಂದು ಬರೆಸಿ ತೂಗುಹಾಕಿದರು. ಎರಡು ದಿನಕ್ಕೇ ಬಾಡಿಗೆಗೆ ಹೋಯಿತು. ಅಂದಿನಿಂದ ಕೋರ್ಟಿನ ಮಾತು ಬಿಟ್ಟರು.

ಜೂನ್ ಮಳೆ ಬಂತು. ಅಡುಗೆಮನೆಯಲ್ಲಿ ಒಂದಿದ್ದ ಬಕೆಟ್ ಮೂರಾಯಿತು. ತಾರಸಿ ಸೋರುತ್ತಿದೆ, ಹೆಂಡತಿಯ ಪ್ರಾಣಕ್ಕೆ ಅಪಾಯವಿದೆ ಎಂದು ಶೀನಣ್ಣನವರು ಕೋಶಕ್ಕೆ ಬರೆದರು. ಮೆಚ್ಚುಗೆ ಪತ್ರ ಬಂತು: "ಜಲಕಾಯ ಇನ್ನೂರ ಹನ್ನೊಂದರಿಂದ ಅಂತರ್ಜಲ ಮರುಪೂರಣ ಆಗುತ್ತಿರುವುದು ಶ್ಲಾಘನೀಯ. ಪ್ರತಿದಿನ ಎಷ್ಟು ಬಕೆಟ್ ಎಂಬುದನ್ನು ಒಂದು ರಿಜಿಸ್ಟರಿನಲ್ಲಿ ನಮೂದಿಸಿ ತಿಂಗಳಿಗೊಮ್ಮೆ ಕಳುಹಿಸತಕ್ಕದ್ದು." ಶೀನಣ್ಣನವರು ಹೊಸ ರಿಜಿಸ್ಟರ್ ತಂದು ಗೆರೆ ಹಾಕಿದರು.

"ರೀ, ತೊಲೆ ಬಾಗಿದೆ ಕಣ್ರೀ," ಎಂದರು ಚೂಡಾಮಣಿ. "ಒಗ್ಗರಣೆಗೆ ಇಟ್ಟಾಗ ಗಾರೆ ಉದುರ್ತು. ನಾಳೆ ಪೂರ್ತಿ ನನ್ನ ಮೇಲೆ ಬಿದ್ರೆ ಅದನ್ನೂ ರಿಜಿಸ್ಟರಲ್ಲಿ ಬರ್ಕೊಳ್ತೀರಾ?"

ಆ ಮಾತು ಶೀನಣ್ಣನವರಿಗೆ ಎಲ್ಲಿ ತಗುಲಬೇಕೋ ಅಲ್ಲೇ ತಗುಲಿತು. ರಿಜಿಸ್ಟರು ಮುಚ್ಚಿ ಆಂಜಿನಯ್ಯನಿಗೆ ಫೋನು ಮಾಡಿದರು. ಅನುಮತಿ ಇಲ್ಲದಿದ್ದರೂ ಪರವಾಗಿಲ್ಲ, ಬಂದ್ಬಿಡು ಎಂದರು. ಆಂಜಿನಯ್ಯ ಸುಣ್ಣದ ಮೂಟೆ ಸಮೇತ ಬಂದು ಮೆಟ್ಟಿಲ ಬಾಗಿಲ ಬೋರ್ಡು ಓದಿ, ಅಲ್ಲಿಂದಲೇ ವಾಪಸು ಇಳಿದ. "ಕೆರೆ ಕೇಸಿಗೆ ನಾ ಬರಲ್ಲ ಸಾಮಿ. ನನ್ನ ಬಾಮೈದ ಒಬ್ಬ ಕೆರೆ ಮಣ್ಣು ತೆಗ್ದಿದ್ದಕ್ಕೇ ವರ್ಸ ಅಲೆದವ್ನೆ." ಕೆಳಗಿನಿಂದ ಒಂದು ಸರ್ವೆ ಮರದ ಕಂಬವನ್ನು ಆಸರೆಗೆ ನಿಲ್ಲಿಸಿ ಹೊರಟುಹೋದ. ಅಂದಿನಿಂದ ಚೂಡಾಮಣಿ ಗಂಡನ ಸ್ಕೂಟರ್ ಹೆಲ್ಮೆಟ್ ಹಾಕಿಕೊಂಡು ಅಡುಗೆ ಮಾಡತೊಡಗಿದರು. ಮೊದಲ ವಾರ ಮನೆಗೆ ಬಂದವರು ಗಾಬರಿಯಾದರು. ಎರಡನೇ ವಾರದಿಂದ ಕಾಫಿ ಕುಡಿದು ಹೋದರು.

ಆಗಸ್ಟಿನಲ್ಲಿ ಕೋಶದವರು ಬಾಗಿನ ಅರ್ಪಿಸುವುದೆಂದು ನಿರ್ಧರಿಸಿದರು. ತುಂಬಿದ ಕೆರೆಗೆ ಬಾಗಿನ ಕೊಡುವುದು ನಾಡಿನ ಪದ್ಧತಿ, ಕೊಡದಿದ್ದರೆ ಅಪಚಾರ. ಆದರೆ ಕೆರೆ ತುಂಬಿರಲಿಲ್ಲ, ಬಂದ ನೀರೆಲ್ಲ ಮರುಪೂರಣವಾಗಿ ಅಡುಗೆಮನೆಗೆ ಇಳಿಯುತ್ತಿತ್ತು. ಹೀಗಾಗಿ ಅನಿಲ್ ಕುಮಾರ್ ಎರಡು ಟ್ಯಾಂಕರ್ ಕಳುಹಿಸಿದರು. ತಾರಸಿಯ ನೀರಿನ ಕೊಳವೆಗಳಿಗೆ ಬಟ್ಟೆ ತುರುಕಿ ಬೆಳಗ್ಗೆಯಿಂದ ತುಂಬಿಸಿದರು. ಅತಿಥಿಗಳಿಗೆ ಮುಂಭಾಗದ ತಾರಸಿಯಲ್ಲಿ ಶಾಮಿಯಾನ, ನಾಗಸ್ವರ. ಶೈಲಜಮ್ಮನವರು ಶಿಬಿರದ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದರು. ಮೇಲೆ ಡ್ರೋನು ಜೇನುಹುಳದ ಹಾಗೆ ಗುಂಯ್‌ಗುಡುತ್ತಿತ್ತು.

ಕೆಳಗೆ ತೊಲೆ ಕಿರ್ ಎಂದದ್ದು ಶೀನಣ್ಣನವರಿಗೊಬ್ಬರಿಗೇ ಕೇಳಿಸಿತು. ಚೂಡಾಮಣಿ ಅತಿಥಿಗಳಿಗೆಂದು ಹಾಲು ಕಾಯಿಸುತ್ತಿದ್ದರು. ಶೀನಣ್ಣನವರು ಮಾತಾಡದೆ ಹೋಗಿ ಗ್ಯಾಸ್ ಆರಿಸಿ, ಹೆಂಡತಿಯ ರಟ್ಟೆ ಹಿಡಿದು ಹೊರಗೆಳೆದು, ಅಡುಗೆಮನೆಯ ಬಾಗಿಲಿಗೆ ಚಿಲಕ ಹಾಕಿ ಬೆನ್ನು ಕೊಟ್ಟು ನಿಂತರು. ಯಾರನ್ನೂ ಕೇಳದೆ ಅವರು ಮಾಡಿದ ಮೊದಲ ಕೆಲಸ ಅದು.

"ಹಾಲು ಆರಿಹೋಗುತ್ತೆ ಬಿಡ್ರೀ!" ಎಂದರು ಚೂಡಾಮಣಿ.

"ಆರ್ಲಿ," ಎಂದರು ಶೀನಣ್ಣನವರು.

ಮೇಲೆ ದೊಡ್ಡಬೈರಪ್ಪ ಅರಿಶಿನ, ಕುಂಕುಮ, ಬಳೆ ತುಂಬಿದ ಮೊರದ ಬಾಗಿನವನ್ನು ನೀರಿಗೆ ಬಿಟ್ಟರು. ಮೊರ ಒಂದು ಸುತ್ತು ತಿರುಗಿತು. ಆಮೇಲೆ ಕೆರೆ, ಕೊಡೆ, ಮೊರ, ಇಟ್ಟಿಗೆ, ತೊಲೆ ಎಲ್ಲವೂ ಒಟ್ಟಿಗೆ ಇಳಿದುಹೋದವು. ಬಾಗಿಲ ಸಂದಿಯಿಂದ ನೀರು ನುಗ್ಗಿ ಶೀನಣ್ಣನವರ ಪಂಚೆ ಮೊಣಕಾಲಿನವರೆಗೆ ನೆನೆಯಿತು. ಚೂಡಾಮಣಿ ಗಂಡನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

ದೊಡ್ಡಬೈರಪ್ಪ ಅಂಚಿಗೆ ಬಂದು ಬಗ್ಗಿ ನೋಡಿದರು. ನೀರು ಅಡುಗೆಮನೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಮೋರಿಗೆ ರಭಸವಾಗಿ ಹರಿಯುತ್ತಿತ್ತು.

"ಕೋಡಿ ಬಿತ್ತು!" ಎಂದು ಅವರು ಎರಡೂ ಕೈ ಎತ್ತಿದರು.

ಕೆರೆ ಕೋಡಿ ಬೀಳುವುದು ಶುಭ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾಗಸ್ವರದವರು ಗಟ್ಟಿಮೇಳ ನುಡಿಸಿದರು.

ಡ್ರೋನು ತೆಗೆದ ಹೊಸ ಚಿತ್ರ ಮುಂದಿನ ವಾರವೇ ಮಕ್ಕಳ ಮುಂದೆ ಬಂತು. ಕೆರೆಯಿಂದ ಉದ್ದಕ್ಕೆ ಹರಿಯುವ ನೀಲಿಯನ್ನು ಏನೆನ್ನುತ್ತಾರೆ ಎಂದು ಶೈಲಜಮ್ಮ ಕೇಳಿದರು. ರಾಜಕಾಲುವೆ ಎಂದು ಮಕ್ಕಳು ಒಕ್ಕೊರಲಿನಿಂದ ಹೇಳಿದರು. ಪರಿಶೀಲನೆಯ ನಮೂನೆ ಹಿಡಿದು ಆರಾಧನಾ ತನ್ನ ಮನೆಯ ಅಡುಗೆಮನೆಗೆ ಬಂದಳು. ಹಿಂದಿನ ದಿನದ ಮಳೆ ಇನ್ನೂ ತೊಟ್ಟಿಕ್ಕುತ್ತಿತ್ತು. ಚೂಡಾಮಣಿ ಸೀರೆ ಎತ್ತಿಕಟ್ಟಿ ನೀರು ಬಳಿಯುತ್ತಿದ್ದರು.

"ಅಪ್ಪ, ‘ನೀರು ಹರಿಯುತ್ತಿದೆಯೇ’ ಅಂತ ಇದೆ."

ಶೀನಣ್ಣನವರು ಪಾದದ ಕಡೆ ನೋಡಿದರು. "ಹರೀತಿದೆ."

"‘ಕಾಲುವೆಯಲ್ಲಿ ಯಾರಾದರೂ ವಾಸವಿದ್ದಾರೆಯೇ’ ಅಂತ ಇದೆ." ಆರಾಧನಾ ಪೆನ್ನು ಎತ್ತಿಕೊಂಡೇ ನಿಂತಳು. "ಇಲ್ಲ ಅಂತ ಹಾಕ್ಬಿಡ್ಲಾ ಅಪ್ಪ?"

ಶೀನಣ್ಣನವರು ಉಪ್ಪಿನ ಜಾಡಿ, ಸಾಲು ಡಬ್ಬಗಳು, ಹೆಂಡತಿಯ ಬಗ್ಗಿದ ಬೆನ್ನು ಎಲ್ಲವನ್ನೂ ನೋಡಿದರು. ನಾಲ್ಕು ತಿಂಗಳಲ್ಲಿ ಮೊದಲ ಸಲ ಚಿತ್ರಕ್ಕೂ ನೆಲಕ್ಕೂ ಒಂದಿಷ್ಟೂ ವ್ಯತ್ಯಾಸವಿರಲಿಲ್ಲ.

"ಬೇಡ ಪುಟ್ಟಿ, ಸುಳ್ಳು ಬರೀಬಾರ್ದು. ಇದಾರೆ ಅಂತ ಹಾಕು," ಎಂದು ಪೆನ್ನು ಈಸಿಕೊಂಡು ರುಜು ಮಾಡಿದರು.

ಒತ್ತುವರಿ ತೆರವಿನ ನೋಟೀಸು ಹತ್ತು ದಿನಕ್ಕೆ ಬಂತು. ರಾಜಕಾಲುವೆಯನ್ನು ಒತ್ತುವರಿ ಮಾಡಿಕೊಂಡು ಅಡುಗೆ ಮಾಡುತ್ತಿರುವವರು ಹದಿನೈದು ದಿನಗಳೊಳಗೆ ಜಾಗ ಖಾಲಿ ಮಾಡತಕ್ಕದ್ದು. ದಿನಾಂಕ, ಕಡತ ಸಂಖ್ಯೆ, ಮೊಹರು ಎಲ್ಲವೂ ಕ್ರಮಬದ್ಧವಾಗಿತ್ತು. ಶೀನಣ್ಣನವರು ಎರಡು ಸಲ ಓದಿದರು. ಒಂದೂ ತಪ್ಪು ಸಿಗಲಿಲ್ಲ.

"ಏನಂತೆ?" ಎಂದರು ಚೂಡಾಮಣಿ.

"ನಾವು ಕಾಲುವೇಲಿ ಇದೀವಂತೆ. ಹದಿನೈದು ದಿನ ಟೈಮ್ ಕೊಟ್ಟಿದಾರೆ."

"ಒಳ್ಳೇದಾಯ್ತು, ಹದಿನೈದಾದ್ರೂ ಕೊಟ್ರಲ್ಲ," ಎಂ​ದು ಚೂಡಾಮಣಿ ಗ್ಯಾಸ್ ಒಲೆಯನ್ನು ಎತ್ತಿ ವರಾಂಡಕ್ಕೆ ತಂದರು. ಆದರೆ ಕೆಳಗೆ ಇಡಲಿಲ್ಲ. ಒಲೆಯನ್ನು ಹಿಡಿದುಕೊಂಡೇ ಮಗಳನ್ನು ಕರೆದರು.

"ಪುಟ್ಟಿ, ವರಾಂಡ ನಿಮ್ಮ ಚಿತ್ರದಲ್ಲಿ ಯಾವ ಬಣ್ಣ ಇದೆ, ನೋಡಿ ಹೇಳೇ."

ಆರಾಧನಾ ಶಿಬಿರದವರು ಕೊಟ್ಟಿದ್ದ ಹಾಳೆಯನ್ನು ಬಿಡಿಸಿ ಬೆರಳಿಟ್ಟು ಹುಡುಕಿದಳು.

"ಬೂದು ಅಮ್ಮ. ಕಟ್ಟಡ."

"ಹಾಗಾದ್ರೆ ಸರಿ," ಎಂದು ಚೂಡಾಮಣಿ ಒಲೆ ಕೆಳಗಿಟ್ಟು ಅನ್ನಕ್ಕೆ ನೀರಿಟ್ಟರು.